ಹಗ್ಗದ ಬಾವಿ

ಬಾಗಿಯ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಒಂದು ಸಣ್ಣ ದೋಸೆಯಷ್ಟು ಅಗಲಕ್ಕೆ ನುಣ್ಣಗಾಗಿತ್ತು. ವಯಸ್ಸಾಗಿ ಉದುರಿದ್ದಲ್ಲ. ಕೊಡ ತಿಂದದ್ದು. ಮದುವೆಯಾಗಿ ಗುಡ್ಡೆ ಹತ್ತಿದ ಮರುದಿನವೇ ಅತ್ತೆ ಅವಳ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಸಿಂಬಿಯ ಮೇಲೆ ಕೊಡ ಇಟ್ಟಿದ್ದಳು. ಅತ್ತೆ ತೀರಿಕೊಂಡಳು. ಗಂಡ ಅಂಗಾರ ತೀರಿಕೊಂಡ. ಮಣ್ಣಿನ ಕೊಡ ಹೋಗಿ ಪ್ಲಾಸ್ಟಿಕ್ ಕೊಡ ಬಂತು. ತಲೆ ಅದೇ, ದಾರಿ ಅದೇ.

ಕುಂಟಲಗುರಿ ಎಂಬುದು ಪಂಜದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ವಾರ್ಡು. ನಲವತ್ತು ಮನೆ. ಮೂವತ್ತೈದು ಕೆಳಗೆ ಬಯಲಿನಲ್ಲಿ, ಐದು ಗುಡ್ಡೆಯ ಮೇಲೆ. ಕೆಳಗೆ ಗೌಡರು, ಬ್ಯಾರಿ ಮುಸ್ಲಿಮರು, ಇನ್ನೂ ಕೆಲವರು. ಮೇಲೆ ಬಾಗಿಯ ಜಾತಿಯವರು. ಊರಿನವರು ಈ ಐದು ಮನೆಯವರನ್ನು ‘ಮೇಲಿನವರು’ ಎನ್ನುತ್ತಿದ್ದರು. ಎಲ್ಲರಿಗಿಂತ ಕೆಳಗೆ ಇಟ್ಟವರನ್ನು ಹಾಗೆ ಕರೆಯುವಾಗ ಯಾರಿಗೂ ನಗು ಬರುತ್ತಿರಲಿಲ್ಲ. ಬಾಗಿಗೆ ಮಾತ್ರ ಬರುತ್ತಿತ್ತು.

ಕೆಳಗಿನವರಿಗೆ ಮೂರು ಕಡೆಯ ನೀರು. ಒಂದು ಪಂಚಾಯತಿನ ನಳ್ಳಿ. ಒಂದು ಕುಶಾಲಪ್ಪ ಗೌಡರ ಬಾವಿ. ಇನ್ನೊಂದು ರಸ್ತೆ ಬದಿಯ ಕೈಪಂಪು. ಮೂರೂ ಒಟ್ಟಿಗೆ ಸರಿಯಿದ್ದ ದಿನವನ್ನು ಯಾರೂ ಕಂಡಿರಲಿಲ್ಲ. ನಳ್ಳಿ ನಿಂತರೆ ಬಾವಿಗೆ ಓಡುವುದು, ಬಾವಿ ಕದಡಿದರೆ ಪಂಪಿಗೆ ಓಡುವುದು. ಹೀಗೆ ಒಂದೊಂದು ಮನೆಗೂ ಎರಡು ಮೂರು ಕಡೆಯ ಋಣ.

ಮೇಲಿನವರಿಗೆ ಅದು ಯಾವುದೂ ಇಲ್ಲ. ನಳ್ಳಿಯ ಪೈಪು ಗುಡ್ಡೆ ಹತ್ತಿರಲಿಲ್ಲ. ಪಂಪಿನ ಬಳಿ ಸಾಲು ನಿಂತರೆ ಎಲ್ಲರದ್ದೂ ಮುಗಿದ ಮೇಲೆ ಇವರ ಸರದಿ. ಅಷ್ಟರಲ್ಲಿ ಪಂಪು ಕೆಮ್ಮಲು ಶುರು ಮಾಡುತ್ತಿತ್ತು. ಗೌಡರ ಬಾವಿಯ ಕಟ್ಟೆಯನ್ನು ಇವರು ಮುಟ್ಟುವಂತಿರಲಿಲ್ಲ. ದೂರ ನಿಂತು, ಯಾರಾದರೂ ಸೇದಿ ಹೊಯ್ದರೆ ಹಿಡಿದುಕೊಳ್ಳಬೇಕು. ಬಾಗಿ ಒಂದು ದಿನ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಹಾಗೆ ನಿಂತಿದ್ದಳು. ಯಾರೂ ಬರಲಿಲ್ಲ. ಅಂದಿನಿಂದ, ಒಂದೇ ಒಂದು ದಿನ ಬಿಟ್ಟರೆ, ಅತ್ತ ಹೋಗಲಿಲ್ಲ. ಗುಡ್ಡೆ ಇಳಿದು, ಪಂಚಾಯತಿನ ಕಟ್ಟಡ ದಾಟಿ, ಮತ್ತೂ ಇಳಿದರೆ ತೋಡು, ಒಂದು ಸಣ್ಣ ಹಳ್ಳ. ಅದು ದೇವರ ನೀರು. ಅಲ್ಲಿಂದ ಹೊತ್ತು ತಂದು, ಮನೆಯ ಹಿಂದಿನ ದೈವದ ಕಲ್ಲಿಗೆ ನಾಲ್ಕು ಹನಿ ಹಾಕಿ, ಆಮೇಲೆಯೇ ಅವಳು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಮೇಲಿನ ಐದು ಮನೆಗೆಂದು ಪೈಪು ಮಂಜೂರಾಗಿತ್ತು. ನೀಲಿ ಬಣ್ಣದ ಉದ್ದ ಪೈಪುಗಳು ಬಂದು ಪಂಚಾಯತಿನ ಗೋಡೆಗೆ ಒರಗಿಕೊಂಡಿದ್ದವು. ಕೊಡ ಹೊತ್ತು ಅದೇ ದಾರಿಯಲ್ಲಿ ಹೋಗುವಾಗ ಬಾಗಿ ಅವುಗಳ ಕಡೆ ಒಮ್ಮೆ ನೋಡುವಳು. ಮದುವೆ ಗೊತ್ತಾದ ಹುಡುಗನನ್ನು ಹುಡುಗಿ ನೋಡುವ ಹಾಗೆ.

ಅಷ್ಟರಲ್ಲಿ ಸರ್ವೆ ಬಂತು.

ಸರ್ವೆಗೆ ಬಂದವನು ಕಡಬದ ಕಡೆಯ ಲತೀಶ್. ಒಳ್ಳೆಯ ಹುಡುಗ. ಕೈಯಲ್ಲಿ ಟ್ಯಾಬು. ಯಾವ ಮನೆಗೆ ಯಾವ ನೀರು ಎಂದು ಕೇಳಿ ಒತ್ತುವುದು ಅವನ ಕೆಲಸ. ಆದರೆ ನಮ್ಮ ಊರಿನ ಕ್ರಮ ಗೊತ್ತಲ್ಲ. ಮನೆಗೆ ಬಂದವರ ಕೈಗೆ ಮೊದಲು ಒಂದು ಲೋಟ ನೀರು, ಒಂದು ತುಂಡು ಬೆಲ್ಲ. ಆಮೇಲೆ ಮಾತು. ಲತೀಶ್ ಜಗಲಿಯಲ್ಲಿ ಕೂತು, ಬೆಲ್ಲ ಕಚ್ಚಿ, ನೀರು ಕುಡಿಯುತ್ತಾ ನಿಮಗೆ ನೀರು ಉಂಟಾ ಎಂದು ಕೇಳುತ್ತಿದ್ದ. ನಂಟ ನೀರು ಕುಡಿಯುತ್ತಿರುವಾಗ ನಮ್ಮಲ್ಲಿ ನೀರಿಲ್ಲ ಎಂದು ಯಾವ ಮನೆಯವರು ಹೇಳಿಯಾರು? ಮಾನ ಉಂಟಲ್ಲ. ಉಂಟು ಎಂದರು. ನಳ್ಳಿಯದ್ದಾ ಎಂದರೆ ಹೌದು. ಬಾವಿಯದ್ದಾ ಎಂದರೆ ಅದೂ ಹೌದು. ಪಂಪಿನದ್ದು ಎಂದರೆ ಬೇಕಾದರೆ ಅದೂ ಉಂಟು, ಇನ್ನೊಂದು ಲೋಟ ತೆಗೆದುಕೊಳ್ಳಿ. ಬೀಡಿ ಕಟ್ಟುವ ರುಕಿಯಾ ನೀರಿಗೆ ಬದಲು ಲಿಂಬೆ ಶರಬತ್ತು ಕೊಟ್ಟು, ನೀರಿಗೆ ಎಂತ ಬರಗಾಲ ಎಂದು ದೊಡ್ಡ ಮಾತೂ ಆಡಿದಳು. ಲತೀಶ್ ಎಲ್ಲವನ್ನೂ ಒತ್ತಿದ.

ಮೂವತ್ತೈದನೆಯ ಮನೆ ಮುಗಿಸುವಷ್ಟರಲ್ಲಿ ಅವನ ಹೊಟ್ಟೆ ಕುಲುಕಿದರೆ ಸದ್ದು ಬರುತ್ತಿತ್ತು. ಅವನು ಗುಡ್ಡೆಯ ಬುಡದಲ್ಲಿ ನಿಂತು ಹತ್ತುವ ದಾರಿ ನೋಡಲಿಲ್ಲ. ಮರೆಯಾಗುವ ಪೊದೆ ನೋಡಿದ. ಕೆಲಸ ಮುಗಿಸಿ ಬಂದು, ಅಲ್ಲಿಂದಲೇ ಮೇಲೆ ನೋಡಿ, ಐದು ಮನೆ ಅಲ್ವಾ ಎಂದು ಕೂಗಿ ಕೇಳಿದ. ಹೌದು ಎಂದಳು ಬಾಗಿ. ಅವನು ಐದು ಮನೆ ಎಂದು ಬರೆದುಕೊಂಡ. ನೀರಿನ ಜಾಗದಲ್ಲಿ ಏನೂ ಒತ್ತಲಿಲ್ಲ. ಹೊರಟೇ ಹೋದ.

ಬಾಗಿಯೂ ಜಗಲಿಯಲ್ಲಿ ಲೋಟ ತೊಳೆದು ಇಟ್ಟಿದ್ದಳು. ಬೆಲ್ಲಕ್ಕೆ ಇರುವೆ ಹತ್ತಿತು. ಹುಡುಗನ ಹೊಟ್ಟೆ ತುಂಬಿದ್ದು ನಿಜ. ಆದರೆ ಹೊಟ್ಟೆ ಖಾಲಿ ಇದ್ದವರೂ ತನ್ನ ಮನೆಯಲ್ಲಿ ನೀರು ಕುಡಿದದ್ದನ್ನು ಅವಳು ಕಂಡಿರಲಿಲ್ಲ. ಓಟಿಗೆ ಬಂದವರೂ ಈಗಷ್ಟೇ ಕುಡಿದೆ ಎನ್ನುತ್ತಿದ್ದರು.

ಸರ್ವೆಯ ಲೆಕ್ಕ ಬಂದಾಗ ಪಂಚಾಯತಿನ ಅಧ್ಯಕ್ಷರಾದ ಕುಶಾಲಪ್ಪ ಗೌಡರು ಪಟಾಕಿ ಒಂದು ಹೊಡೆಸಲಿಲ್ಲ ಅಷ್ಟೆ. ನಳ್ಳಿ ಇಪ್ಪತ್ತಾರು ಮನೆ. ಬಾವಿ ಇಪ್ಪತ್ತೊಂದು. ಪಂಪು ಹದಿನೇಳು. ಕೂಡಿಸಿದರೆ ಅರವತ್ತನಾಲ್ಕು. ಇರುವುದು ನಲವತ್ತು ಮನೆ. ಅಂದರೆ ನೂರಕ್ಕೆ ನೂರ ಅರವತ್ತು. ತಾಲೂಕಿನಲ್ಲಿ ಎಲ್ಲೂ ಇಲ್ಲದ ಸಾಧನೆ. ನಲವತ್ತಕ್ಕೆ ಅರವತ್ತನಾಲ್ಕು ಬಂದ ಮೇಲೆ ನೀರಿಲ್ಲದವರು ಯಾರೂ ಉಳಿಯುವುದಿಲ್ಲವೆಂದು ತೀರ್ಮಾನವಾಯಿತು. ಯಾರೂ ಉಳಿಯದ ಮೇಲೆ ಮೇಲಿನ ಐದು ಮನೆಗೆ ಪೈಪು ಯಾಕೆ? ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಗಳಿಗೆಂದು ಗೌಡರ ಭಾವ ಹೊಸದಾಗಿ ಹೋಂಸ್ಟೇ ಕಟ್ಟಿಸಿದ್ದ. ಪೈಪು ಅತ್ತ ಹೋಗಲಿ ಎಂದಾಯಿತು. ಗ್ರಾಮಸಭೆಯಲ್ಲಿ ತಾಲೂಕಿನ ಅಧಿಕಾರಿ ಬಂದು ಒಪ್ಪಿಗೆ ಬರೆದರೆ ಸಾಕು.

ಸುದ್ದಿ ತಂದವಳು ರುಕಿಯಾ. ತಾನು ಕೊಟ್ಟ ಶರಬತ್ತು ಇಷ್ಟು ದೂರ ಹೋಗಬಹುದೆಂದು ಗೊತ್ತಿರಲಿಲ್ಲ ಎಂದು ಅವಳು ತಲೆಯ ಮೇಲೆ ಕೈಯಿಟ್ಟುಕೊಂಡಳು. ಸಭೆಯ ದಿನ ಬಾಗಿ ಮೇಲಿನ ಉಳಿದ ನಾಲ್ಕು ಮನೆಗೂ ಹೋಗಿ ಒಬ್ಬೊಬ್ಬರನ್ನು ಎಬ್ಬಿಸಿಕೊಂಡು ಗುಡ್ಡೆ ಇಳಿದಳು.

ಪಂಚಾಯತಿನ ಅಂಗಳದಲ್ಲಿ ಶಾಮಿಯಾನ. ಅದು ಜತ್ತಪ್ಪನದ್ದು. ಮೈಕೂ ಅವನದ್ದೇ. ಕಬಡ್ಡಿ ಪಂದ್ಯಕ್ಕೆ ವಿವರಣೆ ಕೊಟ್ಟು ಪಳಗಿದ ಬಾಯಿ. ಬ್ಯಾನರಿನಲ್ಲಿ ‘ಶೇಕಡಾ 160 ನೀರು’ ಎಂದು ಬರೆದಿತ್ತು; ಪಕ್ಕದಲ್ಲಿ ಕುಶಾಲಪ್ಪ ಗೌಡರ ನಗುಮುಖ. ಕೆಳಗಿನವರು ಕುರ್ಚಿಯಲ್ಲಿ. ಮೇಲಿನ ಐವರು ಶಾಮಿಯಾನದ ನೆರಳು ಮುಗಿದಲ್ಲಿ, ಬಿಸಿಲಿನಲ್ಲಿ, ನಿಂತು.

ಗೌಡರು ಭಾಷಣದಲ್ಲಿ ನೂರ ಅರವತ್ತು ಎಂದು ಹೇಳಿದಾಗ ಮುಂದಿನ ಸಾಲಿನಿಂದ ಒಂದು ನಗು ಕೇಳಿತು. ಹೈಸ್ಕೂಲಿನ ಗಣಿತದ ಟೀಚರ್ ಭವಿತಾ. ನಕ್ಕದ್ದಕ್ಕೆ ಅವಳಿಗೇ ನಾಚಿಕೆಯಾಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆದರೆ ಅಧಿಕಾರಿ ಕೇಳಿಯೇ ಬಿಟ್ಟರು, ಎಂತ ಟೀಚರ್ ಎಂದು. ಅವಳು ಎದ್ದು, ಒಂದು ಮನೆಯನ್ನೇ ಎರಡು ಮೂರು ಸಲ ಎಣಿಸಿದ್ದಾರೆ, ಒಂಬತ್ತನೆಯ ಕ್ಲಾಸಿನವರಿಗೆ ತಾನು ಇದನ್ನೇ ಮೂರು ವೃತ್ತ ಹಾಕಿ ಕಲಿಸುತ್ತೇನೆ ಎಂದಳು. ಕಂಪ್ಯೂಟರು ಕೂಡಿಸಿದ ಲೆಕ್ಕ ತಪ್ಪುತ್ತದಾ ಎಂದು ಗೌಡರು ಕೇಳಿದರು. ಅಧಿಕಾರಿಗೆ ಊಟಕ್ಕೆ ಇನ್ನೂ ಹೊತ್ತಿತ್ತು. ಹಾಕಿ ತೋರಿಸಿ ಎಂದರು.

ಸುಣ್ಣ ಸಿಗಲಿಲ್ಲ. ಜತ್ತಪ್ಪ ಶಾಮಿಯಾನದ ಹೆಚ್ಚಿನ ಹಗ್ಗ ತಂದ. ಭವಿತಾ ಟೀಚರ್ ಮೂರು ಹಗ್ಗವನ್ನು ನೆಲದಲ್ಲಿ ದುಂಡಗೆ ಹಾಸಿದಳು. ಮೊದಲ ಸಲ ಮೂರೂ ಬೇರೆ ಬೇರೆಯಾಗಿ ಬಿದ್ದವು. ಎರಡನೆಯ ಸಲ ಒಂದರೊಳಗೆ ಒಂದು ಹೋಗಿ ಸೊಳ್ಳೆಬತ್ತಿಯ ಸುರುಳಿಯ ಹಾಗಾಯಿತು. ಬೋರ್ಡಿನಲ್ಲಿ ಬರೆದಷ್ಟು ಸುಲಭವಲ್ಲ ಎಂದು ಅವಳು ಬೆವರೊರೆಸಿಕೊಂಡಳು. ಕೊನೆಗೆ ಒಂದರ ಮೇಲೊಂದು ಅರ್ಧರ್ಧ ಬರುವಂತೆ ಹಾಸಿದಳು. ಇದು ನಳ್ಳಿ, ಇದು ಬಾವಿ, ಇದು ಪಂಪು. ಮನೆಗೆ ಒಬ್ಬರು ಬಂದು, ಸರ್ವೆಯಲ್ಲಿ ಹೇಳಿದ ನೀರಿನಲ್ಲಿ ನಿಲ್ಲಬೇಕು. ಎರಡು ಹೇಳಿದವರು ಎರಡು ಹಗ್ಗ ಕೂಡಿದಲ್ಲಿ. ಮೂರೂ ಹೇಳಿದವರು ನಟ್ಟ ನಡುವೆ.

ಅಂಗಳದಲ್ಲಿ ಸಂತೆ ಸೇರಿತು. ಮೂರನ್ನೂ ಹೇಳಿದ್ದ ಒಬ್ಬ ಅಜ್ಜ ನಡುವಿನ ಜಾಗ ಗೊತ್ತಾಗದೆ ಒಂದು ಕಾಲು ನಳ್ಳಿಯಲ್ಲಿ, ಇನ್ನೊಂದು ಪಂಪಿನಲ್ಲಿ ಇಟ್ಟು, ಬಾವಿಗೆ ಊರುಗೋಲು ಚಾಚಿದ. ಗಂಡ ಹೆಂಡತಿ ಇಬ್ಬರೂ ಬಂದು ಬೇರೆ ಬೇರೆ ಕಡೆ ನಿಂತು, ಮನೆಯ ಯಜಮಾನರು ಯಾರೆಂದು ಅಲ್ಲಿಯೇ ಜಗಳ ತೆಗೆದರು. ಜತ್ತಪ್ಪನಿಗೆ ತಡೆಯಲಾಗಲಿಲ್ಲ. ಬಾವಿಯಿಂದ ಒಬ್ಬರು ಈಗ ಗಡಿ ದಾಟಿ ನಳ್ಳಿಯ ಅಂಕಣಕ್ಕೆ ಪ್ರವೇಶ ಮಾಡಿದ್ದಾರೆ ಎಂದು ಮೈಕಿನಲ್ಲಿ ಶುರು ಮಾಡಿದ.

ಎಲ್ಲರೂ ನಿಂತ ಮೇಲೆ ಟೀಚರ್ ಎಣಿಸಿದಳು. ಮೂರೂ ಹಗ್ಗದೊಳಗೆ ಎಂಟು ಮಂದಿ. ಅವರನ್ನು ಎರಡೆರಡು ಸಲ ಹೆಚ್ಚು ಎಣಿಸಿದ್ದು, ಅದು ಹದಿನಾರು. ಎರಡು ಹಗ್ಗದೊಳಗೆ ಹದಿಮೂರು. ಅವರನ್ನು ಒಂದೊಂದು ಸಲ ಹೆಚ್ಚು. ಒಟ್ಟು ಇಪ್ಪತ್ತೊಂಬತ್ತು. ಅರವತ್ತನಾಲ್ಕರಲ್ಲಿ ಅದನ್ನು ಕಳೆದರೆ ಮೂವತ್ತೈದು. ನಲವತ್ತರಲ್ಲಿ ಮೂವತ್ತೈದು ಹೋದರೆ ಐದು.

ಮೈಕು ಅವಳ ಕೈಯಲ್ಲಿತ್ತು. “ಇಲ್ಲದ ಇಪ್ಪತ್ತೊಂಬತ್ತು ಮನೆಗೆ ನೀರು ಕೊಟ್ಟಿದ್ದೀರಿ ಸಾರ್,” ಎಂದಳು. “ಇರುವ ಐದು ಮನೆಗೆ ಕೊಡ್ಲಿಲ್ಲ.”

ಎಲ್ಲರೂ ತಿರುಗಿ ನೋಡಿದರು. ಹಗ್ಗಗಳ ಹೊರಗೆ, ಬಿಸಿಲಿನಲ್ಲಿ, ಐವರು ಹಾಗೆಯೇ ನಿಂತಿದ್ದರು. ಅವರನ್ನು ಯಾರೂ ಬಂದು ನಿಲ್ಲಿಸಬೇಕಾಗಿರಲಿಲ್ಲ. ಮೊದಲಿನಿಂದಲೂ ಅಲ್ಲಿಯೇ ಇದ್ದವರು.

ಕುಶಾಲಪ್ಪ ಗೌಡರು ಸುಲಭಕ್ಕೆ ಸೋಲುವವರಲ್ಲ. ಐದು ಎಂದರೆ ಎಷ್ಟು ದೊಡ್ಡ ಲೆಕ್ಕ ಎಂದು ನಕ್ಕರು. ತಮ್ಮ ಬಾವಿ ಉಂಟಲ್ಲ, ತಾವು ಯಾರಿಗೂ ಇಲ್ಲ ಎಂದವರಲ್ಲ, ಈ ಐವರೂ ಬಾವಿಯ ಹಗ್ಗದೊಳಗೆ ಬಂದು ನಿಂತರೆ ಮುಗಿಯಿತು, ಎಲ್ಲರೂ ಒಳಗೆ, ಹೊರಗೆ ಸೊನ್ನೆ ಎಂದರು. ಅಧಿಕಾರಿಯ ಮುಖದಲ್ಲಿ ಊಟದ ಬೆಳಕು ಮೂಡಿತು.

“ಬಾ ಬಾಗಿ,” ಎಂದರು ಗೌಡರು. “ಒಂದು ಹೆಜ್ಜೆ. ಈ ಹಗ್ಗದ ಒಳಗೆ.”

ಬಾಗಿ ಹಗ್ಗ ನೋಡಿದಳು. ಹಳದಿ ನೈಲಾನು. ಎತ್ತಿ ಒಳಗೆ ಇಡಬೇಕಾದದ್ದು ಒಂದು ಕಾಲು. ಅಷ್ಟು ವರ್ಷ ಗೌಡರನ್ನು ಧನಿಗಳೇ ಎಂದು ಕರೆದ ಬಾಯಿ ಅವಳದ್ದು. ಗೌಡರು ಹೇಳಿದ್ದನ್ನು ಮಾಡದೆ ಬಿಟ್ಟ ನೆನಪು ಮೈಗೆ ಇರಲಿಲ್ಲ. ಕಾಲು ಒಮ್ಮೆ ಅಲುಗಾಡಿತು ಕೂಡ.

ಆಗ ಅವಳಿಗೆ ಅಂಗಾರ ತೀರಿಕೊಂಡ ದಿನ ಕಣ್ಣಿಗೆ ಬಂತು. ಎಪ್ರಿಲಿನ ಬಿಸಿಲು. ತೋಡು ಬತ್ತಿ ಗುಂಡಿ ಗುಂಡಿಯಾಗಿ ನಿಂತಿತ್ತು. ಅವನನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿ, ಮೀಯಿಸಲು ನೀರಿಗೆಂದು ಅವಳೇ ಗೌಡರ ಬಾವಿಗೆ ಓಡಿದ್ದಳು. ಕಟ್ಟೆಯಿಂದ ದೂರ ನಿಂತು ಬೇಡಿದ್ದಳು. ಸೂತಕದವಳು ಇಲ್ಲಿಗೆ ಬರಬಾರದು ಎಂದು ಒಳಗಿನಿಂದ ಯಾರೋ ಹೇಳಿದರು. ರುಕಿಯಾ ತನ್ನ ಮನೆಯಲ್ಲಿ ಹಿಡಿದಿಟ್ಟಿದ್ದ ಎರಡು ಕೊಡ ನೀರನ್ನು ತಾನೇ ಹೊತ್ತು ಗುಡ್ಡೆ ಹತ್ತಿದ್ದಳು. ಆ ನೀರಿನಲ್ಲಿ ಅವನು ಮಿಂದು ದೇವರ ಪಾದಕ್ಕೆ ಹೋದ.

“ಬರುದಿಲ್ಲ,” ಎಂದಳು ಬಾಗಿ.

ಗೌಡರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಿಲ್ಲವೋ. ಎಂತ ಎಂದರು.

“ನಾನು ಬರುದಿಲ್ಲ ಗೌಡ್ರೆ. ಅಂಗಾರನ ಹೆಣ ಮೀಯಿಸಲಿಕ್ಕೆ ಒಂದು ಕೊಡ ನೀರು ಕೇಳಿದೆ. ಕೊಡ್ಲಿಲ್ಲ. ನಿಮ್ಮ ನಿಜದ ಬಾವಿಯ ಕಟ್ಟೆಗೆ ಕರೀರಿ, ಈಗ್ಲೇ ಬರ್ತೇನೆ. ಹಗ್ಗದ ಬಾವಿಗೆ ಬರುದಿಲ್ಲ.”

ಮೈಕು ಒಮ್ಮೆ ಕುಂಯ್ ಎಂದಿತು. ಅಧಿಕಾರಿ ಗೌಡರ ಕಡೆ ತಿರುಗಿ, ಇವರು ನಿಮ್ಮ ಬಾವಿಯಿಂದ ಸೇದಬಹುದಾ ಎಂದು ಕೇಳಿದರು. ಗೌಡರು ಗಂಟಲು ಸರಿ ಮಾಡಿಕೊಂಡು, ತಮಗೆ ಅಂಥದ್ದೆಲ್ಲ ಇಲ್ಲ, ಆದರೆ ಮನೆಯಲ್ಲಿ ಅಮ್ಮ ಇದ್ದಾರೆ, ಹಳೆಯ ಕಾಲದವರು, ಅವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೇನೆ ಎಂದರು.

“ಅಮ್ಮ ತೀರಿ ಹೋಗಿ ಎರಡು ವರ್ಷ ಆಯ್ತಲ್ಲ ಗೌಡ್ರೆ,” ಎಂದಳು ಬಾವಿಯ ಹಗ್ಗದೊಳಗೆ ನಿಂತಿದ್ದ ರುಕಿಯಾ. “ನಾವೆಲ್ಲ ಬಂದಿದ್ದೆವು. ಪಾಯಸ ಒಳ್ಳೆದಿತ್ತು.”

ನಗು ಮೊದಲು ಪಂಪಿನ ಕಡೆಯಿಂದ ಬಂತು. ಆಮೇಲೆ ನಳ್ಳಿಗೆ ಹರಡಿತು. ಗೌಡರ ಜಾತಿಯವರೇ ಮುಖ ಕೆಳಗೆ ಹಾಕಿ ನಕ್ಕರು. ರುಕಿಯಾ ನಗಲಿಲ್ಲ. ಅವಳು ಹಗ್ಗ ದಾಟಿ ಹೊರಗೆ ಬಂದು ಬಾಗಿಯ ಪಕ್ಕ ನಿಂತಳು. ತಾನು ಬಾವಿ, ಪಂಪು ಎರಡನ್ನೂ ಹೇಳಿದ್ದು ಮರ್ಯಾದೆಗೆ, ಪಂಪು ಶಿವರಾತ್ರಿಯಿಂದ ಕೆಮ್ಮುವುದು ಬಿಟ್ಟರೆ ಬೇರೆ ಏನೂ ಮಾಡಿಲ್ಲ, ಬಾವಿಗೆ ಹೋದರೆ ಎರಡು ಕೊಡಕ್ಕೆ ಹತ್ತು ಮಾತು ಕೇಳಬೇಕು ಎಂದಳು. ಅವಳ ಹಿಂದೆ ಊರುಗೋಲಿನ ಅಜ್ಜ ಬಂದ. ಕಾಲು ಅಗಲಿಸಿ ನಿಂತು ಅವನಿಗೂ ಸಾಕಾಗಿತ್ತು. ಆಮೇಲೆ ಇನ್ನೂ ಕೆಲವರು. ಪಂಪಿನ ಪಾಳಯ ಖಾಲಿ, ಪಂಪು ಔಟ್ ಎಂದು ಜತ್ತಪ್ಪ ಕೂಗಿದ. ಮೈಕು ಆಫ್ ಮಾಡು ಎಂದರು ಗೌಡರು. ಸ್ವಿಚ್ಚು ಎಲ್ಲಿ ಎಂದು ಗೊತ್ತಾಗುವುದಿಲ್ಲ ಎಂದ ಜತ್ತಪ್ಪ.

ಅಧಿಕಾರಿ ಬುದ್ಧಿವಂತರು. ಪರಿಶೀಲಿಸಲಾಗುವುದು ಎಂದರು. ಹಾಗೆ ಹೇಳಿ ಎದ್ದು ಊಟದ ಮೇಜಿನ ಕಡೆ ನಡೆದರು. ಸಭೆ ಮುಗಿಯಿತೆಂದು ಗೌಡರು ಸಾರಿದರು.

ಕೋಳಿ ಸುಕ್ಕ, ನೀರುದೋಸೆ. ವಾಸನೆಗೆ ಅಂಗಳವೇ ಮೇಜಿನ ಕಡೆ ವಾಲಿತು. ಬಾಗಿಯನ್ನೂ ಊಟಕ್ಕೆ ಕರೆದರು. ಅವಳು ಹೋಗಲಿಲ್ಲ. ಮೇಲಿನ ಉಳಿದ ನಾಲ್ವರೂ ಹೋಗಲಿಲ್ಲ. ರುಕಿಯಾ ಸುಕ್ಕದ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಅಲ್ಲಿಯೇ ನಿಂತಳು.

ಅಧಿಕಾರಿ ಚೆನ್ನಾಗಿ ಉಂಡರು. ಗೌಡರು ಜೊತೆ ಕೊಟ್ಟರು. ಕೈ ತೊಳೆಯಲು ಪಂಚಾಯತಿನ ನಳ್ಳಿ ತಿರುಗಿಸಿದರೆ ಅದು ಸುಸ್ ಎಂದು ಗಾಳಿ ಬಿಟ್ಟಿತು. ಮತ್ತೂ ತಿರುಗಿಸಿದರು. ಒಂದು ಹುಳು ಬಿತ್ತು. ಕುಡಿಯುವ ಬಾಟಲಿಗಳು ಸುಕ್ಕದ ಖಾರಕ್ಕೇ ಮುಗಿದಿದ್ದವು. ಎಣ್ಣೆ, ಮಸಾಲೆ ಹತ್ತಿದ ಬಲಗೈಯನ್ನು ಮುಂದಕ್ಕೆ ಹಿಡಿದುಕೊಂಡು ಅಧಿಕಾರಿ ಬಿಳಿ ಅಂಗಿಗೆ ತಾಗದಂತೆ ನಿಂತರು. ಗೌಡರೂ ಹಾಗೆಯೇ ನಿಂತರು. ಇಬ್ಬರನ್ನು ನೋಡಿದರೆ ಯಾರಿಗೋ ಏನನ್ನೋ ಕೊಡಲು ಹೊರಟವರಂತೆ ಕಾಣುತ್ತಿತ್ತು.

ಗೌಡರು ಅಭ್ಯಾಸಬಲದಿಂದ ಬಾಗಿಯ ಕಡೆ ತಿರುಗಿದರು. ಓಡಿ ಹೋಗಿ ತೋಡಿನಿಂದ ಒಂದು ಕೊಡ ತಾ ಎಂದರು.

ಬಾಗಿ ನಿಂತಲ್ಲಿಂದ ಅಲುಗಾಡಲಿಲ್ಲ.

“ಮೊದಲು ಬರೀಲಿ,” ಎಂದಳು. “ಐದು ಮನೆ ಹೊರಗೆ, ಪೈಪು ಅವರಿಗೇ ಅಂತ. ಎಲ್ಲಿಗೂ ಹೋಗುದಿಲ್ಲ ಅಂತ.”

ಊಟ ಮಾಡಿದ ಕೈಯಲ್ಲಿ ಹೇಗೆ ಬರೆಯುವುದು ಎಂದು ಅಧಿಕಾರಿ ಕೇಳಿದರು. ಎಡಗೈ ಉಂಟಲ್ಲ ಎಂದಳು ರುಕಿಯಾ. ಮಸಾಲೆ ಒಣಗಲು ಶುರುವಾಗಿ ಬೆರಳು ಬಿಗಿಯುತ್ತಿತ್ತು. ನೊಣ ಬಂದವು. ಅಧಿಕಾರಿ ಎಡಗೈಯಿಂದ ಪೆನ್ನು ಹಿಡಿದು, ಒಂದನೆಯ ಕ್ಲಾಸಿನ ಮಗುವಿನಂತೆ ನಾಲಗೆ ಹೊರಗೆ ಹಾಕಿ ಬರೆದರು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ‘ಹೊರಗೆ’ ಎಂಬುದು ಅರ್ಧ ಪುಟ ಹಿಡಿಯಿತು. ಭವಿತಾ ಟೀಚರ್ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಜತ್ತಪ್ಪ ಅದನ್ನು ಮೈಕಿನಲ್ಲಿ ಇನ್ನೊಮ್ಮೆ ಹೇಳಿದ.

ಆದರೆ ಸಹಿ ಎಡಗೈಯಲ್ಲಿ ಆಗುವುದಿಲ್ಲ. ಬ್ಯಾಂಕಿನಲ್ಲಿಯೂ ಇಲಾಖೆಯಲ್ಲಿಯೂ ಇರುವುದು ಬಲಗೈಯ ಸಹಿ. ಬೇರೆಯಾದರೆ ಕಾಗದ ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು. ಹಾಗಾದರೆ ನೀರು ತಾ ಎಂದರು ಗೌಡರು, ಈ ಸಲ ಸ್ವಲ್ಪ ಮೆಲ್ಲಗೆ.

“ನಾನು ತರುದಿಲ್ಲ. ತೋಡು ಅಲ್ಲಿ ಉಂಟು. ಬನ್ನಿ, ದಾರಿ ತೋರಿಸ್ತೇನೆ.”

ಬಾಗಿ ಮುಂದೆ ನಡೆದಳು. ಸೊಂಟದಲ್ಲಿ ಅವಳ ಖಾಲಿ ಕೊಡ. ಹಿಂದೆ ಅಧಿಕಾರಿ, ಅವರ ಹಿಂದೆ ಕುಶಾಲಪ್ಪ ಗೌಡರು, ಮತ್ತೆ ಉಂಡವರೆಲ್ಲ, ಎಲ್ಲರೂ ಬಲಗೈ ಎತ್ತಿ ಹಿಡಿದು, ಒಬ್ಬರ ಹಿಂದೊಬ್ಬರು, ಜಾರುವ ದಾರಿಯಲ್ಲಿ ಇಳಿದರು. ಎಡಗೈಯಿಂದ ಪೊದೆ ಹಿಡಿದುಕೊಳ್ಳುತ್ತಿದ್ದರು. ಮುಳ್ಳು ಚುಚ್ಚಿದಾಗ ಒಬ್ಬೊಬ್ಬರೂ ಒಂದೊಂದು ದೇವರ ಹೆಸರು ಹೇಳಿದರು. ದೇವರು ಕೇಳಿಸಿಕೊಂಡಿರಬೇಕು, ಯಾರೂ ಬೀಳಲಿಲ್ಲ.

ತೋಡಿನ ನೀರಿಗೆ ಕೈಯಿಟ್ಟು ಅಧಿಕಾರಿ ಕಣ್ಣು ಮುಚ್ಚಿದರು. ತೊಳೆದು, ಪಂಚೆಯ ತುದಿಗೆ ಒರೆಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಗದ ಇಟ್ಟು, ಬಲಗೈಯಲ್ಲಿ ಸಹಿ ಮಾಡಿದರು. ಅಧ್ಯಕ್ಷರದ್ದೂ ಬೇಕು ಎಂದಳು ಟೀಚರ್. ಗೌಡರು ಅತ್ತಿತ್ತ ನೋಡಿದರು. ಊರೇ ನೋಡುತ್ತಿತ್ತು. ಅವರೂ ಮಾಡಿದರು. ಕಾಗದವನ್ನು ಬಾಗಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಕೊಡ ತುಂಬಿಸಿದಳು. ತಾನೇ ಎತ್ತಿ ತಲೆಗಿಟ್ಟುಕೊಂಡಳು.

ಹತ್ತುವಾಗ ಅರ್ಧ ದಾರಿಯಲ್ಲಿ ಅಧಿಕಾರಿಗೆ ಏದುಸಿರು ಬಂತು. ಮೊಣಕಾಲು ಹಿಡಿದು ಒಂದು ಬಂಡೆಯ ಮೇಲೆ ಕೂತರು. ಗೌಡರು ಅದಕ್ಕೂ ಕೆಳಗೆ ಕೂತಿದ್ದರು; ಅವರ ಮೋರೆ ಕೆಂಪಗಾಗಿತ್ತು. ಇನ್ನೂ ಎಷ್ಟು ಉಂಟು ಎಂದು ಅಧಿಕಾರಿ ಕೇಳಿದರು.

ಬಾಗಿ ತಿರುಗಲಿಲ್ಲ. ಕೊಡ ಹೊತ್ತವರು ತಿರುಗುವುದಿಲ್ಲ.

“ಪಂಚಾಯತಿಗಾ? ಇಲ್ಲೇ ಸಾರ್,” ಎಂದಳು. “ನನ್ನ ಮನೆಗಾದ್ರೆ ಈಗ ಶುರು ಅಷ್ಟೆ.”